ಪಾಯಸ ಕೇಳಿದರೆ ಕೊಪ್ಪರಿಗೆಯನ್ನೂ ಹೊರಿಸಿದರು

2021ರ ಮಳೆಗಾಲದಲ್ಲಿ ಹೊಸನಗರದ ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ನಮ್ಮ ಕಡೆಯ ಹಳ್ಳಿಗಳವರು 'ನೋ ನೆಟ್‌ವರ್ಕ್, ನೋ ವೋಟಿಂಗ್' ಅಂತ ಅಭಿಯಾನ ಮಾಡಿದ ವರ್ಷ ಅದು. ಸಿಗ್ನಲ್ ಸಿಗುತ್ತಿದ್ದದ್ದು ಗುಡ್ಡದ ಮೇಲೆ ಮಾತ್ರ. ಕೆಲಸದ ಪಟ್ಟಿ ಬರೆದಿಡಲು ಒಂದು ಸಣ್ಣ ಆ್ಯಪ್ ಬೇಕಿತ್ತು. ನೋಡಿದರೆ 300 ಎಂಬಿ! ಕೊಡೆ ಹಿಡಿದು ಎರಡು ಸಲ ಗುಡ್ಡ ಹತ್ತಿದೆ, ಎರಡು ಸಲವೂ ಅರ್ಧಕ್ಕೆ ನಿಂತಿತು. ಕೊನೆಗೆ ತೀರ್ಥಹಳ್ಳಿಗೆ ಹೋದಾಗ ಇಳಿಸಿಕೊಂಡೆ. ಬಿಚ್ಚಿ ನೋಡಿದರೆ ಬರೆದವನ ಸ್ವಂತ ಕೋಡು ಒಂದೆರಡು ಎಂಬಿ. ಉಳಿದದ್ದು ಇಡೀ ಕ್ರೋಮಿಯಂ ಬ್ರೌಸರು ಮತ್ತದರ ಲೈಬ್ರರಿಗಳು. ಪಟ್ಟಿ ಬರೆಯೋಕೆ ಇಷ್ಟೆಲ್ಲ ಎಂತಕ್ಕೆ ಮಾರಾಯ್ರೆ?

ಸಾಗರದ ಅಜ್ಜನ ಮನೆ ಕಡೆ ಮದುವೆಗೆ ಕೊಪ್ಪರಿಗೆ, ಹಂಡೆ ಎಲ್ಲ ಊರೊಟ್ಟಿನಿಂದ ಬರುತ್ತಿದ್ದವು. ಒಂದು ಸಲ ಕಲಾಯಿ ಹಾಕಿಸಿದರೆ ಎಲ್ಲರ ಮನೆ ಅಡುಗೆಗೂ ಆಯ್ತು. ಶೇರ್ಡ್ ಲೈಬ್ರರಿ ಅಂದರೆ ಇಷ್ಟೇ. ಚಿತ್ರ ತೆರೆಯುವ, ಅಕ್ಷರ ಜೋಡಿಸುವ ಕೋಡು ಕಂಪ್ಯೂಟರಿನಲ್ಲಿ ಒಂದೇ ಪ್ರತಿ, ಬಳಸುವವರು ಹತ್ತಾರು.

2023ರ ಸೆಪ್ಟೆಂಬರಿನಲ್ಲಿ ಲಿಬ್‌ವೆಬ್‌ಪಿ ಎಂಬ ಚಿತ್ರ ಓದುವ ಲೈಬ್ರರಿಯಲ್ಲಿ ದೊಡ್ಡ ತೂತು ಸಿಕ್ಕಿತು. ಲಿನಕ್ಸಿನಲ್ಲಿ ಹಂಚಿಕೊಂಡ ಪ್ರತಿಗೆ ಒಂದೇ ಅಪ್‌ಡೇಟ್ ಸಾಕಾಯಿತು. ತಮ್ಮದೇ ಪ್ರತಿ ಹೊತ್ತು ತಿರುಗುವ ಎಲೆಕ್ಟ್ರಾನ್ ಆ್ಯಪ್‌ಗಳು ಮಾತ್ರ ಒಂದೊಂದಾಗಿ ಹೊಸ ಆವೃತ್ತಿ ಬಿಡಬೇಕಾಯಿತು. 2021ರ ಡಿಸೆಂಬರಿನ ಲಾಗ್‌ಫೋರ್‌ಜೆ ಗಲಾಟೆಯಲ್ಲೂ ಹಾಗೇ. ಜಾರ್ ಒಳಗಿನ ಜಾರ್ ಒಳಗೆ ಅದು ಎಲ್ಲಿ ಕೂತಿದೆ ಅಂತ ರಾತ್ರಿಯಿಡೀ ಹುಡುಕಿದವರಲ್ಲಿ ನಾನೂ ಒಬ್ಬ.

ಕನ್ನಡದ ಒತ್ತಕ್ಷರವನ್ನು ಸರಿಯಾಗಿ ಕೂರಿಸುವ ಹಾರ್ಫ್‌ಬಜ್ ಕೂಡ ಲೈಬ್ರರಿಯೇ. ಅದರಲ್ಲಿ ಒಂದು ತಪ್ಪು ತಿದ್ದಿದರೂ, ಹಳೆಯ ಪ್ರತಿಯನ್ನು ಹೊಟ್ಟೆಯಲ್ಲಿಟ್ಟುಕೊಂಡ ಆ್ಯಪ್‌ನಲ್ಲಿ ತಪ್ಪು ಹಾಗೇ ಉಳಿಯುತ್ತದೆ. ಇಂಗ್ಲಿಷ್ ಓದುವ ಡೆವಲಪರ್‌ಗೆ ಅದು ಕಾಣುವುದೇ ಇಲ್ಲ, ಇನ್ನು ಅವಸರ ಎಲ್ಲಿಂದ ಬರಬೇಕು?

ನಾನೇನು ಸಾಚಾ ಅಲ್ಲ. ಆಫೀಸಿನಲ್ಲಿ ಡಾಕರ್ ಇಮೇಜಿಗೆ ಎಲ್ಲ ತುರುಕಿ ಕಳಿಸುವವನೇ. ಲೈಬ್ರರಿಯ ಆವೃತ್ತಿ ಬದಲಾಗಿ, ನಿನ್ನೆ ಓಡುತ್ತಿದ್ದ ಪ್ರೋಗ್ರಾಮು ಇವತ್ತು ಮಕಾಡೆ ಮಲಗುವ ಸಂಕಟವೂ ಗೊತ್ತು. ಆದರೆ ಆ ಸರ್ವರು ನಮ್ಮದು, ತೂತು ಬಿದ್ದರೆ ಮತ್ತೆ ಕಟ್ಟುವ ಕೂಲಿಯೂ ನಮ್ಮದೇ. ಬಳಕೆದಾರನ ಯಂತ್ರಕ್ಕೆ ಗಂಟು ಕಳಿಸಿ ಮರೆತುಬಿಡುವುದು ಬೇರೆ ಮಾತು. ಬೇರೆಯವರ ಕೋಡಿನ ನಕಲನ್ನು ಒಳಗೆ ಸೇರಿಸಬೇಡಿ ಅಂತ ಡೆಬಿಯನ್ ನಿಯಮಾವಳಿಯಲ್ಲೇ ಇದೆ. ಫ್ಲಾಟ್‌ಪ್ಯಾಕ್ ಕೂಡ ರನ್‌ಟೈಮ್ ಒಂದನ್ನು ಇಳಿಸಿ ಹಲವು ಆ್ಯಪ್‌ಗಳಿಗೆ ಹಂಚುತ್ತದೆ. ಮೊದಲ ಸಲ ಭಾರವೇ, ಎರಡನೆಯದಕ್ಕೆ ಗುಡ್ಡ ಹತ್ತುವ ಕೆಲಸ ಕಮ್ಮಿ.

ಕಟ್ಟಿಯೇ ಕಳಿಸುತ್ತೀರಾ? ಸರಿ. ಒಳಗೆ ಯಾವ ಲೈಬ್ರರಿಯ ಯಾವ ಆವೃತ್ತಿ ಇದೆ ಅಂತ ಹೊರಗೆ ಬರೆಯಿರಿ. ತೂತು ಸಿಕ್ಕ ವಾರದೊಳಗೆ ಹೊಸದು ಬಿಡಿ, ಅದರಲ್ಲೂ ಬದಲಾದಷ್ಟೇ ಇಳಿಯುವ ಹಾಗೆ ಮಾಡಿ. ಅಲ್ಲೀವರೆಗೆ ಊರಿನಲ್ಲಿರುವ ಅಪ್ಪನ ಲ್ಯಾಪ್‌ಟಾಪಿಗೆ ನಾನಂತೂ ಇಂಥವನ್ನು ಹಾಕಿಕೊಡುವುದಿಲ್ಲ.