ಕಪಾಟಿನ ಅಗುಳಿ

ಅಂಬೆಗಾಲಿಡುವ ಕೂಸಿಗೆ ಮನೆಯೆಲ್ಲವೂ ರಾಜ್ಯ. ಮುಚ್ಚಿದ ಕಪಾಟು ಗೆಲ್ಲಬೇಕಾದ ಕೋಟೆ. ಫಿನಾಯಿಲು, ಗುಳಿಗೆ, ಚೂರಿಗಳಿರುವುದೂ ಆ ಕೋಟೆಯೊಳಗೇ. ಆದುದರಿಂದ ಅಗುಳಿಯ ಆಯ್ಕೆ ಗೃಹಸ್ಥರಿಗೆ ಅಲ್ಪವಿಷಯವಲ್ಲ.

ಅಂಟಿಸುವ ಪಟ್ಟಿಯ ಅಗುಳಿ ಬಾಡಿಗೆಯ ಮನೆಗೆ ಒಪ್ಪುವಂಥದು, ಮರವನ್ನು ಕೊರೆಯಬೇಕಾಗಿಲ್ಲ. ಆದರೆ ಒಗ್ಗರಣೆಯ ಜಿಡ್ಡು ಹತ್ತಿದೆಡೆ ಅಂಟು ನಿಲ್ಲದು. ಒಳಗೆ ತಿರುಪುಮೊಳೆಯಿಂದ ಬಿಗಿಯುವ ಸ್ಪ್ರಿಂಗಿನ ಕೊಕ್ಕೆ ಗಟ್ಟಿಯೇನೋ ಹೌದು. ಆದರೆ ಬಾಗಿಲು ಬೆರಳಗಲ ತೆರೆದುಕೊಳ್ಳುವುದರಿಂದ ಎಳೆಯ ಬೆರಳು ಸಿಕ್ಕೀತು. ಅಯಸ್ಕಾಂತದ ಅಗುಳಿ ಹೊರಗೆ ಕಾಣದು, ಸಂದನ್ನೂ ಬಿಡದು. ಆದರೆ ಉಕ್ಕಿನ ಬೀರುವಿಗೆ ಸಲ್ಲದು, ಅದರ ಕೀಲಿ ಕಳೆದರೆ ಹಿರಿಯರೇ ಹೊರಗೆ. ಡ್ರಾಯರುಗಳನ್ನು ಮೆಟ್ಟಿಲಾಗಿಸಿ ಹತ್ತಿದರೆ ಇಡೀ ಕಪಾಟೇ ಮಗುವಿನ ಮೇಲೆ ಮಗುಚೀತು. ಅದನ್ನು ಗೋಡೆಗೂ ಬಿಗಿಯಬೇಕು.

ಇಷ್ಟಾದರೂ ಅಗುಳಿ ಕಾವಲುಗಾರನಲ್ಲ. ಅಮೆರಿಕೆಯಲ್ಲಿ 1970ರ ಕಾನೂನಿನಂತೆ ಔಷಧದ ಮುಚ್ಚಳಗಳನ್ನು ಮೂರೂವರೆ-ನಾಲ್ಕು ವರ್ಷದ ಮಕ್ಕಳ ಕೈಗಿತ್ತು ಪರೀಕ್ಷಿಸುತ್ತಾರೆ. 5 ನಿಮಿಷ ಕಳೆದ ಮೇಲೆ ತೆರೆಯುವ ಬಗೆಯನ್ನೂ ತೋರಿಸುತ್ತಾರೆ. 10 ನಿಮಿಷಗಳ ಕೊನೆಗೆ 100ಕ್ಕೆ 20 ಮಕ್ಕಳು ತೆರೆದಿದ್ದರೂ ಮುಚ್ಚಳ ತೇರ್ಗಡೆಯಾಗಬಹುದು!

ಅಗುಳಿ ತಾಯಿಗೆ ಗಳಿಸಿಕೊಡುವುದು ಓಡಿಬರುವಷ್ಟು ಕಾಲವನ್ನು ಮಾತ್ರ. ವಿಷಕ್ಕೆ ತಕ್ಕ ಸ್ಥಳ ಎತ್ತರದ, ಬೀಗ ಹಾಕಿದ ಗೂಡೇ.