ಮೈಯ ಬಾಯಿ ಮುಚ್ಚಿಸುವ ಚಿಕಿತ್ಸೆ

ಮನಸ್ಸಿನ ನೋವು ಮೈಯಲ್ಲಿ ಗಂಟು ಕಟ್ಟಿ ಕೂತಿರುತ್ತದೆ, ಆ ಗಂಟು ಬಿಚ್ಚಿದರೆ ಮನುಷ್ಯ ಹಗುರಾಗುತ್ತಾನೆ ಎಂಬ ಮಾತು ಈಗ ಮಲೆನಾಡಿಗೂ ಬಂದಿದೆ. ಬಂದಿರುವುದು ಆಸ್ಪತ್ರೆಯ ಬಾಗಿಲಿನಿಂದಲ್ಲ, ಹೋಂಸ್ಟೇಯ ಬಾಗಿಲಿನಿಂದ. ಎರಡು ರಾತ್ರಿ, ಮೂರು ಹಗಲು. ಉಸಿರಾಟ, ನಡುಕ, ಕುಣಿತ, ಅಳು. ಊಟಕ್ಕೆ ಕಡುಬು, ಅಕ್ಕಿರೊಟ್ಟಿ. ನಗರದಿಂದ ಬಂದವರು ಅತ್ತು ಹಗುರಾಗಿ ಕಾರು ಹತ್ತುತ್ತಾರೆ. ಅವರಿಗೆ ರೊಟ್ಟಿ ತಟ್ಟಿದ ಹೆಂಗಸು ಸೊಂಟ ಹಿಡಿದುಕೊಂಡು ಮನೆಗೆ ನಡೆಯುತ್ತಾಳೆ. ಅವರ ಅಳುವಿನ ಬಗ್ಗೆ ನಮಗೆ ತಕರಾರಿಲ್ಲ. ನಮ್ಮ ತಕರಾರು ಇವಳ ಸೊಂಟದ ಬಗ್ಗೆ.

ಮೈ ಬೇರೆ ಮನಸ್ಸು ಬೇರೆ ಅಲ್ಲ ಎಂದು ಹೊರಗಿನಿಂದ ಬಂದು ಯಾರೂ ನಮಗೆ ಕಲಿಸಬೇಕಿಲ್ಲ. ಕನ್ನಡದಲ್ಲಿ ಹೊಟ್ಟೆ ಉರಿಯುತ್ತದೆ, ಕರುಳು ಚುರುಕ್ಕೆನ್ನುತ್ತದೆ, ಗಂಟಲು ಕಟ್ಟುತ್ತದೆ. ನಮ್ಮ ಮನೆಯ ಉರ್ದುವಿನಲ್ಲಿ ದಿಲ್ ಕುಳಿತುಬಿಡುತ್ತದೆ, ಕಲೇಜ ಬಾಯಿಗೆ ಬರುತ್ತದೆ. ಅವಮಾನ ನುಂಗಿದ ಸೊಸೆಯನ್ನು 'ಎಲ್ಲಾ ಹೊಟ್ಟೆಗೆ ಹಾಕಿಕೊಂಡಳು' ಎಂದು ಹೊಗಳುತ್ತೇವೆ. ಹತ್ತು ವರ್ಷದ ಮೇಲೆ ಅವಳು ಹೊಟ್ಟೆನೋವು ಎಂದರೆ 'ಗ್ಯಾಸ್ಟ್ರಿಕ್' ಎನ್ನುತ್ತೇವೆ.

ಶೃಂಗೇರಿ ತಾಲೂಕಿನ ಅಡ್ಡಗದ್ದೆಯಂಥ ಊರನ್ನೇ ತೆಗೆದುಕೊಳ್ಳೋಣ. ಈ ತಾಲೂಕಿನ ಅಡಿಕೆ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ತಿನ್ನುತ್ತಿದೆ, ಅದಕ್ಕೆ ಮದ್ದಿಲ್ಲ. ಸಾಲದ್ದಕ್ಕೆ ಈಚಿನ ವರ್ಷಗಳಲ್ಲಿ ಎಲೆಚುಕ್ಕಿ. ತೋಟದ ಯಜಮಾನನಿಗೆ ನಿದ್ದೆ ಇಲ್ಲ, ಎದೆ ಬಡಿತ. ಕೂಲಿಯವಳಿಗೆ ಕತ್ತುನೋವು, ತಲೆಭಾರ, 'ನರ ಎಳೆದಂತೆ'. ಕೊಯ್ಲಿನ ಕಾಲಕ್ಕೆ ಮೆಟ್ಟುಗತ್ತಿಯ ಮುಂದೆ ಕೂತರೆ ರಾತ್ರಿಯವರೆಗೂ ಅವಳು ಕತ್ತು ಎತ್ತುವುದಿಲ್ಲ, ಸುಲಿದಷ್ಟಕ್ಕೇ ಕೂಲಿ. ಆ ಕತ್ತಿನಲ್ಲಿ ಗಂಟು ಕಟ್ಟಿರುವುದು ಬಾಲ್ಯದ ದುಃಖವೋ, ಮೆಟ್ಟುಗತ್ತಿಯೋ? ಎರಡೂ ಇರಬಹುದು. ವಾರದ ಕಂತು ಇರಬಹುದು, ಕುಡಿದು ಬರುವ ಗಂಡನ ಕೈ ಇರಬಹುದು. ಕೇಳದೆ ಗೊತ್ತಾಗುವುದಿಲ್ಲ. ಕೇಳುವವರು ಯಾರು?

ತಮಾಷೆಯೆಂದರೆ ಈ ಚಿಕಿತ್ಸೆಯ ಮೂಲಪುರುಷ ಕೇಳಿದ್ದು ಇದೇ ಪ್ರಶ್ನೆಯನ್ನು. ವಿಲ್‌ಹೆಲ್ಮ್ ರೈಕ್ ಫ್ರಾಯ್ಡ್‌ನ ಶಿಷ್ಯ. ವಿಯೆನ್ನಾದ ಬಡ ಕಾರ್ಮಿಕರ ನಡುವೆ ಉಚಿತ ಸಲಹಾ ಕೇಂದ್ರ ನಡೆಸಿದವನು. ಮನೆಯ ಮತ್ತು ಸಮಾಜದ ದಬ್ಬಾಳಿಕೆಯ ಎದುರು ಮನುಷ್ಯ ತನ್ನ ಸ್ನಾಯುಗಳನ್ನೇ ಬಿಗಿದು ಕವಚ ಮಾಡಿಕೊಳ್ಳುತ್ತಾನೆ ಎಂದು 1930ರ ದಶಕದಲ್ಲಿ ಹೇಳಿದ. ಆಮೇಲೆ ಅವನೇ 'ಆರ್ಗೋನ್' ಎಂಬ ಯಾರಿಗೂ ಕಾಣದ ಶಕ್ತಿಯನ್ನು ಪೆಟ್ಟಿಗೆಯಲ್ಲಿ ತುಂಬಿ ರೋಗಿಗಳನ್ನು ಅದರೊಳಗೆ ಕೂರಿಸಿದ, ಅಮೆರಿಕದ ನ್ಯಾಯಾಲಯದ ತಡೆಯಾಜ್ಞೆ ಮೀರಿ ಜೈಲು ಸೇರಿದ, 1957ರಲ್ಲಿ ಅಲ್ಲೇ ಸತ್ತ. (ಅವನ ಪುಸ್ತಕಗಳನ್ನು ಆ ಸರಕಾರ 1956ರಲ್ಲಿ ಸುಡಿಸಿತು. ಪೆಟ್ಟಿಗೆ ಸುಳ್ಳಾಗಿದ್ದರೂ ಪುಸ್ತಕ ಸುಡುವುದು ಪಾಪವೇ.) ಅವನ ಶಿಷ್ಯ ಅಲೆಕ್ಸಾಂಡರ್ ಲೋವೆನ್ ಅದನ್ನು ವ್ಯಾಯಾಮದಂಥ ಪದ್ಧತಿ ಮಾಡಿದ. 1970ರಲ್ಲಿ ಆರ್ಥರ್ ಜನೋವ್ ಕಿರುಚಾಟವನ್ನೇ ಚಿಕಿತ್ಸೆಯೆಂದ. ಅದೇ ವರ್ಷ ನಮ್ಮ ರಜನೀಶರು ಕುಣಿದು ಕೂಗುವ ಧ್ಯಾನ ಆರಂಭಿಸಿದರು. ಒಬ್ಬರ ಕೈಯಿಂದ ಒಬ್ಬರ ಕೈಗೆ ಬರುವಷ್ಟರಲ್ಲಿ 'ದಬ್ಬಾಳಿಕೆ' ಎಂಬ ಶಬ್ದ ದಾರಿಯಲ್ಲೇ ಬಿದ್ದುಹೋಯಿತು. 'ಬಿಡುಗಡೆ' ಮಾತ್ರ ಉಳಿಯಿತು. ಅದಕ್ಕೆ ಬೆಲೆ ಕಟ್ಟುವುದು ಸುಲಭ.

ಹೊರಹಾಕಿದರೆ ಹೋಗುತ್ತದೆ ಎಂಬುದಾದರೂ ನಿಜವೇ? ಕೋಪದ ಮಟ್ಟಿಗಂತೂ ಅಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರಾಡ್ ಬುಶ್ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೋಪ ಬರಿಸಿದವನನ್ನು ನೆನೆಯುತ್ತಾ ಮರಳಚೀಲಕ್ಕೆ ಗುದ್ದಿದವರು ಸುಮ್ಮನೆ ಕೂತವರಿಗಿಂತ ಹೆಚ್ಚು ಕೋಪಿಷ್ಠರಾದರು. ಕೋಪಗೊಂಡವನು ನಿಂತಿದ್ದರೆ ಕೂರಲಿ, ಇಳಿಯದಿದ್ದರೆ ಮಲಗಲಿ ಎಂಬ ಪ್ರವಾದಿಯವರ ಬೋಧನೆಯನ್ನು ಮದ್ರಸದ ಮಕ್ಕಳೂ ಬಲ್ಲರು. ಅದೂ ಮೈಯ ಮೂಲಕವೇ ಮನಸ್ಸನ್ನು ಹಿಡಿಯುವ ದಾರಿ, ಆದರೆ ಗುದ್ದುವ ದಾರಿಯಲ್ಲ. ದೊಡ್ಡ ಆಘಾತ ಉಂಡವರ ವಿಷಯ ಬೇರೆ. ಭಯ ಅವರ ಎದೆಬಡಿತದಲ್ಲಿ, ಉಸಿರಿನಲ್ಲಿ, ನಿದ್ದೆಯಲ್ಲಿ ಉಳಿದಿರುತ್ತದೆ ಎಂಬುದು ಸತ್ಯ. ಮೈಯ ಮೂಲಕ ಅವರನ್ನು ತಲುಪುವ ಪದ್ಧತಿಗಳ ಬಗ್ಗೆ ಕೆಲವು ಸಣ್ಣ ಅಧ್ಯಯನಗಳು ಆಶೆ ಹುಟ್ಟಿಸಿವೆ, ಅಷ್ಟೇ. ಆದರೆ ಅಂಥವರ ಗಾಯವನ್ನು ಎರಡು ದಿನದಲ್ಲಿ ಕೆದಕಿ, ನಡುಗಿಸಿ, ಮೂರನೆಯ ದಿನ ಬಸ್ಸು ಹತ್ತಿಸುವುದನ್ನು ಚಿಕಿತ್ಸೆ ಎನ್ನಲಾಗದು. ಮೈ ಮುಟ್ಟಿ ಮಾಡುವ ಚಿಕಿತ್ಸೆಯಲ್ಲಂತೂ ಮುಟ್ಟುವವನು ಎಲ್ಲಿ ಕಲಿತ, ಯಾರಿಗೆ ಉತ್ತರ ಹೇಳಬೇಕು, 'ಬೇಡ' ಎಂದರೆ ಕೈ ತೆಗೆಯುತ್ತಾನೋ ಎಂದು ಕೇಳುವ ಹಕ್ಕು ಬಂದವಳಿಗಿದೆ. ಹೀಗೆ ಕೇಳಿದವಳಿಗೆ 'ನೀವಿನ್ನೂ ಬಿಗಿದುಕೊಂಡಿದ್ದೀರಿ' ಎಂಬ ಉತ್ತರ ಸಿಕ್ಕಿದರೆ ಅವಳು ಎದ್ದು ಬರುವುದೇ ಸರಿ.

ನಮ್ಮಲ್ಲಿ ಇಂಥ ನೋವಿಗೆ ಬಾಗಿಲುಗಳೇನೂ ಕಡಿಮೆಯಿಲ್ಲ. ಶೃಂಗೇರಿಯಿಂದ ಆಗುಂಬೆ ಘಾಟಿ ಇಳಿದರೆ ಉಡುಪಿ ಜಿಲ್ಲೆ. ಅಲ್ಲಿನ ಕೋಟದಲ್ಲಿ ಮನೋವೈದ್ಯರಾದ ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಊರಿನವರ ಮಾನಸಿಕ ಆರೋಗ್ಯವನ್ನು ಅಧ್ಯಯನ ಮಾಡಿ 1976ರಲ್ಲಿ ಪುಸ್ತಕ ತಂದರು. ಜನ ವೈದ್ಯನ ಬಳಿಗೂ ಹೋಗುತ್ತಿದ್ದರು, ಮಂತ್ರವಾದಿಯ ಬಳಿಗೂ, ಮೈಮೇಲೆ ದೈವ ಬರುವ ಪಾತ್ರಿಯ ಬಳಿಗೂ, ಇಂಗ್ಲಿಷ್ ಔಷಧದ ಡಾಕ್ಟರ ಬಳಿಗೂ. ಒಂದನ್ನು ಹಿಡಿದು ಇನ್ನೊಂದನ್ನು ಬಿಡಲಿಲ್ಲ. ಅದನ್ನು ಮೂಢನಂಬಿಕೆ ಎಂದು ನಕ್ಕು ಸುಮ್ಮನಾಗುವವರಿಗೆ ಒಂದು ಮಾತು: ಪಾತ್ರಿಯ ಮುಂದೆ ಹೆಂಗಸು ತನ್ನ ಮನೆಯ ಕತೆಯನ್ನು ಹತ್ತು ಜನರ ಎದುರು ಹೇಳಬಹುದು. ಡಾಕ್ಟರ ಮುಂದೆ ಅವಳಿಗೆ ಸಿಗುವುದು ಎರಡು ನಿಮಿಷ ಮತ್ತು ಬಿ ಕಾಂಪ್ಲೆಕ್ಸ್.

ಹಾಗೆಂದು ನಮ್ಮ ಬಾಗಿಲುಗಳೆಲ್ಲ ಪುಣ್ಯದ ಬಾಗಿಲುಗಳಲ್ಲ. ತಮಿಳುನಾಡಿನ ಎರವಾಡಿಯಲ್ಲಿ, ದರ್ಗಾದ ಆಸರೆಗೆಂದು ಕರೆತಂದ ರೋಗಿಗಳನ್ನು ಖಾಸಗಿ ಶೆಡ್ಡುಗಳಲ್ಲಿ ಸರಪಳಿಯಿಂದ ಬಿಗಿದಿದ್ದರು. 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಬಿಡಿಸಿಕೊಳ್ಳಲಾಗದೆ 28 ಮಂದಿ ಸತ್ತರು. ಸರಪಳಿ ಹಾಕದವರೂ ಇದ್ದಾರೆ, ಅವರದ್ದು ನಾಲಗೆಯ ಸರಪಳಿ: 'ಈಮಾನ್ ಕಮ್ಮಿಯಾಗಿದೆ, ನಮಾಝ್ ಸರಿಯಾಗಿ ಮಾಡು.' ಐದು ಹೊತ್ತು ನಮಾಝ್ ಮಾಡುವ ಹೆಂಗಸಿಗೇ ಇದನ್ನು ಹೇಳುತ್ತಾರೆ. ಮಗನ ಸಾವಿಗೆ ಪ್ರವಾದಿಯವರೇ ಕಣ್ಣೀರು ಹಾಕಿದ್ದನ್ನು ಆ ಹೊತ್ತಿಗೆ ಇವರು ಮರೆತಿರುತ್ತಾರೆ. ಇದರ ಜೊತೆಗೆ ಸಜ್ದಾದಿಂದ ಯಾವ ನರಕ್ಕೆ ಎಷ್ಟು ರಕ್ತ ಹರಿಯುತ್ತದೆ ಎಂದು ಲೆಕ್ಕ ಕೊಡುವ ಕರಪತ್ರಗಳು ಬೇರೆ! ಆರಾಧನೆಯನ್ನು ವ್ಯಾಯಾಮದ ಅಂಗಡಿಗೆ ಇಳಿಸುವುದು ಭಕ್ತಿಯೂ ಅಲ್ಲ, ವೈದ್ಯವೂ ಅಲ್ಲ.

ಈಗ ಆ ವಾರದ ಕಂತಿನ ವಿಷಯಕ್ಕೆ ಬರೋಣ. ಕಿರುಸಾಲ ವಸೂಲಿಯವರ ಕಿರುಕುಳ ರಾಜ್ಯದಲ್ಲಿ ಮಿತಿಮೀರಿ 2025ರ ಫೆಬ್ರವರಿಯಲ್ಲಿ ಸರಕಾರ ಸುಗ್ರೀವಾಜ್ಞೆ ತರಬೇಕಾಯಿತು. ಬಾಗಿಲಲ್ಲಿ ಬೈಕು ನಿಂತ ಸದ್ದಿಗೇ ಎದೆ ಹಿಡಿದುಕೊಳ್ಳುತ್ತಿದ್ದ ಹೆಂಗಸಿಗೆ ದೀರ್ಘ ಉಸಿರೆಳೆಯಲು ಹೇಳಿಕೊಡುವುದು ತಪ್ಪಲ್ಲ. ಬೈಕಿನವನನ್ನು ಬಿಟ್ಟು ಅವಳ ಉಸಿರನ್ನು ಮಾತ್ರ ತಿದ್ದುವುದು ತಪ್ಪು. ಬಿಗಿದ ಎದೆ ಸುಳ್ಳು ಹೇಳುತ್ತಿರಲಿಲ್ಲ. ಅದು ದೂರು ಕೊಡುತ್ತಿತ್ತು.

ಮೈಯನ್ನು ಸಡಿಲಿಸುವ ವಿದ್ಯೆಗೆ ಹೋಂಸ್ಟೇ ಬೇಕಿಲ್ಲ. ಎಡ್ಮಂಡ್ ಜೇಕಬ್‌ಸನ್ ಎಂಬ ಅಮೆರಿಕದ ವೈದ್ಯ 1929ರಲ್ಲೇ ಪುಸ್ತಕ ಬರೆದು ತೋರಿಸಿದ ದಾರಿಯಿದೆ: ಒಂದೊಂದೇ ಸ್ನಾಯುವನ್ನು ಬಿಗಿದು, ಮೆಲ್ಲಗೆ ಬಿಡುವುದು. ಚಾಪೆ ಸಾಕು. ಆತಂಕಕ್ಕೆ ಇದರಿಂದ ಉಪಯೋಗವಿದೆ ಎಂದು ಅಧ್ಯಯನಗಳೂ ಹೇಳುತ್ತವೆ. ಗೋವಾದಲ್ಲಿ ವಿಕ್ರಂ ಪಟೇಲ್ ಮತ್ತು ಸಂಗಡಿಗರು ಮನೋವೈದ್ಯರಲ್ಲದ ಸ್ಥಳೀಯರಿಗೇ ತರಬೇತಿ ಕೊಟ್ಟು, ತೀವ್ರ ಖಿನ್ನತೆಯವರ ಜೊತೆ ಆರೆಂಟು ಬಾರಿ ಕೂತು ಮಾತಾಡಿಸಿದರು. ಖಿನ್ನತೆ ಇಳಿಯಿತು, 2017ರಲ್ಲಿ ಅದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಈ ಕೆಲಸ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಲ್ಲಿ ಏಕಾಗಬಾರದು? ಆಶಾ ಕಾರ್ಯಕರ್ತೆಯ ಹೆಗಲಿಗೆ ಇನ್ನೊಂದು ರಿಜಿಸ್ಟರ್ ಹೇರಿ ಅಲ್ಲ, ಸಂಬಳ ಕೊಟ್ಟು.

ಕಾನೂನಿನ ಕೊರತೆಯಿಲ್ಲ. ಮಾನಸಿಕ ಆರೋಗ್ಯ ಸೇವೆ ಪ್ರತಿಯೊಬ್ಬರ ಹಕ್ಕು ಎಂದು 2017ರ ಕಾಯಿದೆ ಹೇಳುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಇಲ್ಲಿಂದ 300 ಕಿಲೋಮೀಟರಿಗೂ ದೂರ. ಅದಕ್ಕೇ 2022ರಲ್ಲಿ 14416 ಎಂಬ ದೂರವಾಣಿ ಬಂತು, ಮಳೆಗಾಲದಲ್ಲಿ ನೆಟ್‌ವರ್ಕ್ ಸಿಕ್ಕಾಗ ಮಾತಾಡಬಹುದು. ಮಂಗಳವಾರಗಳಂದು ತಾಲೂಕು ಆಸ್ಪತ್ರೆಗೇ ಮನೋವೈದ್ಯರನ್ನು ಕಳಿಸುವ 'ಮನೋಚೈತನ್ಯ' ಯೋಜನೆಯನ್ನು ರಾಜ್ಯ ಸರಕಾರ 2014ರಲ್ಲೇ ಆರಂಭಿಸಿತ್ತು. ಒಳ್ಳೆಯದೇ. ಆದರೆ ಅಡಿಕೆ ಸುಲಿತದ ಕಾಲದ ಒಂದು ಮಂಗಳವಾರ ಅಡ್ಡಗದ್ದೆಯ ಹೆಂಗಸು ಕತ್ತುನೋವು ಹೇಳಿಕೊಳ್ಳಲು ಶೃಂಗೇರಿಗೆ ಹೋದರೆ, ಆ ದಿನದ ಕೂಲಿಯನ್ನು ಅವಳಿಗೆ ಯಾರು ಕೊಡುತ್ತಾರೆ?