ಉಕ್ತಲೇಖನದ ಕೆಂಪು ಗೀರು

ಮಂಡ್ಯದ ಸೀಮೆಯ ನಮ್ಮ ಬೀದಿಯ ಬಾಲಕನೊಬ್ಬನು, ಎರಡನೆಯ ತರಗತಿಯವನು, ಮೊನ್ನೆ ತನ್ನ ಉಕ್ತಲೇಖನದ ಪುಸ್ತಕವನ್ನು ಅಳುಮೋರೆಯಿಂದ ನನ್ನ ಮುಂದೆ ಹಿಡಿದನು. ‘ಹಾಲು’ ಎಂದಿರಬೇಕಾದಲ್ಲಿ ‘ಆಲು’ ಎಂದಿದ್ದಿತು. ‘ಅಕ್ಕಿ’ಯು ‘ಹಕ್ಕಿ’ಯಾಗಿ ಹಾರಿಹೋಗಿದ್ದಿತು. ಎರಡರ ಮೇಲೆಯೂ ಕೆಂಪು ಗೀರು; ಕೆಳಗೆ, ತಲಾ ಹತ್ತು ಸಲ ತಿದ್ದಿ ಬರೆಯತಕ್ಕದ್ದೆಂಬ ಆಜ್ಞೆ.

ಗೀರೆಳೆದವರು ಆ ತಪ್ಪನ್ನು ಓದಲಿಲ್ಲವೆಂಬುದೇ ನನ್ನ ಆಕ್ಷೇಪ. ತಾಯಿಯ ಬಾಯಲ್ಲಿ ಹುಟ್ಟಿದಂದಿನಿಂದ ‘ಆಲು’ ಎಂದೇ ಕೇಳಿದ ಮಗುವು ಕೇಳಿದಂತೆ ಬರೆದುದು ಅದರ ಕಿವಿಯ ಪ್ರಾಮಾಣಿಕತೆ. ಬೈಗುಳ ತಿಂದ ಬಳಿಕ, ಹಕಾರವಿಲ್ಲದೆಡೆಯೆಲ್ಲ ಅದನ್ನು ಕಳೆದೆನೇನೋ ಎಂಬ ಭಯದಿಂದ, ಅಕ್ಕಿಗೂ ಒಂದನ್ನು ದಾನ ಮಾಡಿದುದು ಅದರ ತರ್ಕ. ‘ಸೂರ್ಯ’ ಎಂಬುದನ್ನು ಓದೆಂದರೆ ಅವನು ‘ಸೂಯರ್’ ಎಂದನು. ಉಚ್ಚಾರಣೆಯಲ್ಲಿ ಮೊದಲು ಬರುವ ರೇಫವನ್ನು ಅರ್ಕಾವತ್ತಾಗಿಸಿ ಯಕಾರದ ಹಿಂದೆ ಕೂರಿಸಿದವರು ನಾವು; ಕಣ್ಣಿಗೆ ಕಂಡ ಕ್ರಮದಲ್ಲಿ ಓದಿದವನು ಅವನು.

ಇನ್ನು ಕಾಗುಣಿತ. ತಲಕಟ್ಟು, ಇಳಿ, ಗುಡಿಸು, ಕೊಂಬುಗಳನ್ನು ರಾಗವಾಗಿ ಒಪ್ಪಿಸುವ ಮಗುವಿಗೆ ನಡುವಿನಿಂದ ‘ಕೊ’ ಒಂದನ್ನೇ ತೋರಿಸಿ ನೋಡಿರಿ: ‘ಕ, ಕಾ, ಕಿ’ ಎಂದು ಮೊದಲಿನಿಂದ ಓಡಿ ಬಂದೇ ಅದು ಅಲ್ಲಿಗೆ ತಲಪೀತು. ಬಾಯಿಗೆ ಬಂದುದು ಹಾಡು, ಓದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊಳೆತ ನಲಿ–ಕಲಿ ಪದ್ಧತಿಯು ವರ್ಣಮಾಲೆಯ ಕ್ರಮವನ್ನೇ ಬದಿಗಿರಿಸಿ, ರ, ಗ, ಸ, ದ, ಅ ಎಂಬ ಐದರಿಂದ ಓದನ್ನು ಆರಂಭಿಸಿದುದು, ಸ್ವರ–ವ್ಯಂಜನ–ವರ್ಗಗಳ ಅಚ್ಚುಕಟ್ಟನ್ನು ಮೆಚ್ಚುವ ನನ್ನಂತಹವನಿಗೆ ಮೊದಲು ಇರುಸುಮುರುಸೇ ಆಯಿತು. ಆದರೆ ಆ ಐದೇ ಅಕ್ಷರಗಳಿಂದ ಅರಸ, ಅಗಸ, ಸರ, ಗರಗಸ ಎಂಬ ನಾಲ್ಕು ಅರ್ಥವುಳ್ಳ ಪದಗಳು ಮಗುವಿನ ಕೈಗೆ ದಕ್ಕುವುದನ್ನು ಕಂಡ ಮೇಲೆ ನನ್ನ ಪಾಂಡಿತ್ಯವನ್ನು ನಾನೇ ಮಡಿಚಿಟ್ಟೆನು.

ಹತ್ತು ಸಲದ ಶಿಕ್ಷೆಯನ್ನು ಕೈಬಿಡುವುದು ಒಳಿತು. ಏಳನೆಯ ಸಲಕ್ಕೆ ಮಗುವು ಪದವನ್ನು ಬರೆಯುತ್ತಿರುವುದಿಲ್ಲ, ಮೊದಲು ‘ಹಾ’ಗಳ ಸಾಲೊಂದನ್ನೂ ಆಮೇಲೆ ‘ಲು’ಗಳ ಸಾಲೊಂದನ್ನೂ ಇಳಿಸುತ್ತಿರುತ್ತದೆ, ನಾವೂ ಬಾಲ್ಯದಲ್ಲಿ ಮಾಡಿದ ಉಪಾಯವೇ ಅದು.

ಅಂಗೈಯನ್ನು ಬಾಯೆದುರಿಗೆ ಹಿಡಿದು ‘ಆಲು’ ಎನ್ನು, ಬಳಿಕ ‘ಹಾಲು’ ಎನ್ನು ಎಂದೆನು. ಎರಡನೆಯದಕ್ಕೆ ಬಿಸಿಯುಸಿರು ತಾಗಿದೊಡನೆ ಅವನ ಹುಬ್ಬು ಮೇಲೇರಿತು. ನಾನು ಹೇಳದಿದ್ದರೂ, ಅದೇ ಅಂಗೈಗೆ ತಾನಾಗಿ ‘ಅಕ್ಕಿ’ ಎಂದು ನೋಡಿ, “ಇದ್ರಲ್ಲಿ ಗಾಳೀನೇ ಬರಾಕಿಲ್ಲ ತಾತ” ಎಂದವನು, ರಬ್ಬರು ಹುಡುಕತೊಡಗಿದನು.